ಬೈಕ್ ಪ್ರವಾಸಕ್ಕೆ ಯಾವ ಕ್ಯಾಮೆರಾ? ಮೂರನ್ನೂ ಒಯ್ದು ನೋಡಿದೆ

ನನ್ನ ಹಿಂದಿನ ಪುಟ್ಟ ಕ್ಯಾಮೆರಾ ಕೆಟ್ಟಿದ್ದು ಧೂಳಿನಿಂದ. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಎರಡು ದಿನ ಅದನ್ನು ಟ್ಯಾಂಕ್ ಬ್ಯಾಗಿನಲ್ಲಿ ಸುಮ್ನೆ ಹಾಗೇ ಹಾಕಿಕೊಂಡು ಓಡಾಡಿದ್ದೆ. ಮೂರನೇ ದಿನ ಹಂಪಿಯಲ್ಲಿ ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂತು, ಕರಕರ ಅಂತು, ಅಲ್ಲೇ ನಿಂತಿತು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ತಪ್ಪು ನನ್ನದೇ. ಅವತ್ತಿಂದ ಬೈಕಿಗೆ ಕ್ಯಾಮೆರಾ ಅಂದರೆ ನಾನು ಮೊದಲು ನೋಡುವುದು ಲೆನ್ಸ್ ಹೊರಗೆ ಚಾಚುತ್ತದಾ ಇಲ್ಲವಾ ಅನ್ನೋದನ್ನು. ಮೆಗಾಪಿಕ್ಸೆಲ್ ಲೆಕ್ಕ ಆಮೇಲೆ.

ಫೋನ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಫೋನ್ ನನಗೆ ದಾರಿ ತೋರಿಸಲು ಬೇಕು. ಜೊತೆಗೆ 2021ರಲ್ಲಿ ಆಪಲ್ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು: ದೊಡ್ಡ ಎಂಜಿನ್ ಬೈಕುಗಳ ಹ್ಯಾಂಡಲ್‌ಗೆ ನೇರವಾಗಿ ಫೋನ್ ಕಟ್ಟಬೇಡಿ, ಆ ನಡುಕಕ್ಕೆ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಷನ್, ಅಂದರೆ ಕೈ ಅಲುಗಿದರೂ ಫೋಟೊ ಮಸುಕಾಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಹಾಳಾಗಬಹುದು ಅಂತ. ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ನಡುಕಕ್ಕೇನೂ ಕೊರತೆ ಇಲ್ಲ.

ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇನ್ನೂ ಪೂರ್ತಿ ಬಿಡದ ಹೊತ್ತಲ್ಲಿ, ಮೂರು ಕ್ಯಾಮೆರಾ ಕಟ್ಟಿಕೊಂಡು ಐದು ದಿನ ಮಲೆನಾಡು ಸುತ್ತಿದೆ. ಒಲಿಂಪಸ್ ಟಿಜಿ-6 ನಾನೇ ಕೊಂಡ ಸೆಕೆಂಡ್ ಹ್ಯಾಂಡ್. ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ಬಾಡಿಗೆಗೆ ತಂದಿದ್ದು. ಸೋನಿ ಆರ್‌ಎಕ್ಸ್100 ಮಾರ್ಕ್ 7 ಭಾವನದು. "ಬೀಳಿಸಿದ್ರೆ ನಿಮ್ಮಕ್ಕನಿಗೆ ನೀನೇ ಹೇಳ್ಕೋ" ಅಂತ ಹೇಳಿಯೇ ಕೊಟ್ಟರು. ಕೊಟ್ಟಿಗೆಹಾರದಲ್ಲಿ ನೀರ್ದೋಸೆಗೆ ಕೂತಾಗ ಮೂರನ್ನೂ ಟೇಬಲ್ ಮೇಲೆ ಒರೆಸಿ ಇಟ್ಟಿದ್ದೆ. ದೋಸೆ ತಂದವರು ನೋಡಿ, "ಏನ್ ಸಾರ್, ಮಾರಕ್ಕಾ?" ಅಂದರು.

ತೂಕದ ಮಾತು ಬಿಡಿ. ಟಿಜಿ-6 253 ಗ್ರಾಂ, ಸೋನಿ 302, ಕ್ಯಾನನ್ 319. ಬೈಕ್ ಹೊರುವಾಗ ಅದೆಲ್ಲ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಮಳೆ. ಚಾರ್ಮಾಡಿ ಇಳಿಯುವಾಗ ಮಳೆ ಬಂತು, ಹೋಯ್ತು, ಮತ್ತೆ ಬಂತು. ಸೋನಿ, ಕ್ಯಾನನ್ ಎರಡೂ ನೀರಿಗೆ ಆಗಿಬರುವುದಿಲ್ಲ. ಪ್ಲಾಸ್ಟಿಕ್ ಕವರ್ ಒಳಗೆ, ಟವೆಲ್ ಸುತ್ತಿಕೊಂಡು, ಟ್ಯಾಂಕ್ ಬ್ಯಾಗಿನಲ್ಲಿ ಮಲಗಿದ್ದವು. ಒಂದು ಫೋಟೊಗೆ ಗ್ಲೌಸ್ ಬಿಚ್ಚು, ಜಿಪ್ ತೆಗೆ, ಕವರ್ ಬಿಡಿಸು, ಕೈ ಒರೆಸು. ಅಷ್ಟರಲ್ಲಿ ಮೋಡ ಬಂದು ಕಣಿವೆ ಮುಚ್ಚಿಬಿಡುತ್ತಿತ್ತು. ಮೂರನೇ ಸಲಕ್ಕೆ "ಹೋಗ್ಲಿ ಬಿಡು" ಅನ್ನಿಸಿತು. ಟಿಜಿ-6 ಮಾತ್ರ ದಾರ ಕಟ್ಟಿಕೊಂಡು ಜಾಕೆಟ್ ಮೇಲೆಯೇ ನೇತಾಡುತ್ತಿತ್ತು. 15 ಮೀಟರ್ ನೀರಿನ ಆಳಕ್ಕೆ, 2.1 ಮೀಟರ್ ಎತ್ತರದಿಂದ ಬಿದ್ದರೆ ತಡೆಯಲು ಮಾಡಿದ ಕ್ಯಾಮೆರಾ ಅದು. ಝೂಮ್ ಎಲ್ಲ ಒಳಗೇ ನಡೆಯುತ್ತದೆ, ಲೆನ್ಸ್ ಹೊರಗೆ ಬರುವುದೇ ಇಲ್ಲ. ಟಚ್ ಸ್ಕ್ರೀನ್ ಇಲ್ಲ, ಅದೂ ಒಳ್ಳೆಯದೇ ಆಯ್ತು. ತೆಳು ಗ್ಲೌಸಿನಲ್ಲೇ ಗುಂಡಿ ಒತ್ತಬಹುದು. ಒಂದೇ ಕಿರಿಕಿರಿ, ಮುಂದಿನ ಗಾಜಿಗೆ ಮುಚ್ಚಳ ಇಲ್ಲ. ಒಂದು ಹನಿ ಕೂತಿದ್ದು ನೋಡದೆ ತೆಗೆದ ಹನ್ನೆರಡು ಫೋಟೊಗಳಲ್ಲೂ ಕಣಿವೆಯ ನಡುವೆ ಒಂದು ಬಿಳಿ ಮಚ್ಚೆ.

ಇನ್ನೊಂದು ಪೆದ್ದುತನವೂ ಆಯ್ತು. ಟಿಜಿ-6 ಮೇಲ್ಭಾಗದಲ್ಲಿ ಲಾಗ್ ಅನ್ನುವ ಪುಟ್ಟ ಸ್ವಿಚ್ ಇದೆ. ಕ್ಯಾಮೆರಾ ಆಫ್ ಇದ್ದರೂ ಹೋದ ದಾರಿಯನ್ನೆಲ್ಲ ಜಿಪಿಎಸ್‌ನಲ್ಲಿ ಬರೆದುಕೊಳ್ಳುತ್ತದೆ. ರಾತ್ರಿ ಅದನ್ನು ಆಫ್ ಮಾಡಲು ಮರೆತೆ. ಬೆಳಿಗ್ಗೆ ಬ್ಯಾಟರಿ ಖಾಲಿ. ಹ್ಯಾಂಡಲ್‌ನ ಯುಎಸ್‌ಬಿಯಿಂದ ಚಾರ್ಜ್ ಮಾಡೋಣ ಅಂದರೆ ಕೇಬಲ್ ಹಾಕಲು ಪಕ್ಕದ ಬಾಗಿಲು ತೆರೆದೇ ಇಡಬೇಕು. ಬಾಗಿಲು ತೆರೆದ ಮೇಲೆ ಅದೂ ಎಲ್ಲರ ಹಾಗೆ ನೀರಿಗೆ ಹೆದರುವ ಕ್ಯಾಮೆರಾನೇ. ಮೂರಕ್ಕೂ ಒಂದೇ ಮೈಕ್ರೋ ಯುಎಸ್‌ಬಿ ಕೇಬಲ್ ಸಾಕು ಅನ್ನೋದು ಸಮಾಧಾನ. ಆದರೂ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ.

ಬೆಳವಾಡಿಯಲ್ಲಿ ಕಥೆ ಉಲ್ಟಾ. ವೀರನಾರಾಯಣ ದೇವಸ್ಥಾನದ ಒಳಗೆ ಹೋದಂತೆ ಬೆಳಕು ಕಡಿಮೆ, ಕಡೆದ ಕಂಬಗಳ ಮೇಲೆ ಮಾತ್ರ ಬಾಗಿಲ ಕಡೆಯಿಂದ ಬಂದ ಮಿಂಚು. ಟಿಜಿ-6ನಲ್ಲಿ ಆ ಕಂಬದ ನುಣುಪು ಪೂರಾ ಹೋಗಿ, ಜಲ್ಲಿ ಎರಚಿದ ಹಾಗೆ ಕಂಡಿತು. ಆಶ್ಚರ್ಯ ಏನಿಲ್ಲ. ಬೆಳಕು ಹಿಡಿಯುವ ಸೆನ್ಸರ್ ಸೋನಿ, ಕ್ಯಾನನ್‌ಗಳಲ್ಲಿ ಒಂದು ಇಂಚಿನದು, ಇದರದ್ದು ಅದರ ಕಾಲು ಭಾಗದಷ್ಟೇ. ಆದರೆ ಗೆದ್ದಿದ್ದು ದುಬಾರಿ ಸೋನಿ ಅಲ್ಲ, ಕ್ಯಾನನ್. ಅದರ ಲೆನ್ಸ್ ಎಫ್/1.8ರಿಂದ ಶುರು, ಸೋನಿಯದ್ದು 2.8ರಿಂದ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ. ಅಂದರೆ ಕ್ಯಾನನ್ ಒಳಗೆ ಹೋಗುವ ಬೆಳಕು ಎರಡು ಪಟ್ಟಿಗಿಂತ ಜಾಸ್ತಿ. ಕಂಬದ ಮೇಲಿನ ಒಂದೊಂದು ಬಳೆಯೂ ಬಿಡಿಬಿಡಿಯಾಗಿ ಬಂತು. ಕ್ಯಾನನ್‌ನಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಕೂಡ ಒಳಗೇ ಇದೆ. ರಸ್ತೆ ಬದಿಯ ಝರಿಯನ್ನು ಹಾಲಿನ ಹಾಗೆ ತೋರಿಸಲು ಬೇರೆ ಗಾಜು ಹೊರಬೇಕಿಲ್ಲ. ವಿಡಿಯೊ ಮಾತ್ರ 4ಕೆ ಇಲ್ಲ. ವಿಡಿಯೊ ಮಾಡುವವರು ಇದನ್ನು ಬಿಟ್ಟುಬಿಡಿ.

ಸೋನಿಯ ಪುಟಾಣಿ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಬಗ್ಗೆ ಭಾವ ಬಹಳ ಹೊಗಳಿದ್ದರು. ಒಂದು ಗುಂಡಿ ಒತ್ತಿದರೆ ಚಟ್ ಅಂತ ಮೇಲೆ ಬರುತ್ತದೆ. ಬಿಸಿಲಲ್ಲಿ ಬಹಳ ಉಪಯೋಗ. ಆದರೆ ಭಾವ ಕಾರಲ್ಲಿ ಓಡಾಡುವವರು. ಫುಲ್ ಫೇಸ್ ಹೆಲ್ಮೆಟ್ ಹಾಕಿಕೊಂಡು ಕಣ್ಣಿಗೆ ಹಿಡಿಯಲು ಹೋದರೆ ಕ್ಯಾಮೆರಾ ಗಲ್ಲದ ಭಾಗಕ್ಕೆ ಬಡಿಯುತ್ತದೆ. ಎರಡು ಸಲ ಬಡಿಸಿ, ಅಕ್ಕನ ಮುಖ ನೆನಪಾಗಿ ಸುಮ್ಮನಾದೆ.

ಆಗುಂಬೆಯಲ್ಲಿ ಟೀ ಕುಡಿಯಲು ನಿಂತಾಗ ಬೂಟಿನ ಲೇಸ್ ಮೇಲೆ ಒಂದು ಇಂಬಳ. ಟಿಜಿ-6ನ ಮೈಕ್ರೋಸ್ಕೋಪ್ ಮೋಡ್ ಒಂದು ಸೆಂಟಿಮೀಟರ್ ಹತ್ತಿರದಿಂದಲೂ ಫೋಕಸ್ ಮಾಡುತ್ತದೆ. ಬಗ್ಗಿ ಹಿಡಿದೆ. ಬಾಲ ಊರಿಕೊಂಡು, ಮೂತಿ ಚೂಪು ಮಾಡಿ, ಗಾಳಿಯಲ್ಲಿ ಅತ್ತಿತ್ತ ತಡಕಾಡುತ್ತಿತ್ತು. ಮೈ ಮೇಲಿನ ಉಂಗುರದಂಥ ಗೆರೆಗಳು, ಲೇಸಿನ ಎಳೆಯಲ್ಲಿ ಸಿಕ್ಕ ಕೆಂಪು ಮಣ್ಣು, ಎಲ್ಲ ಸ್ಪಷ್ಟ. ಉಳಿದೆರಡರಲ್ಲಿ ಈ ಫೋಟೊ ಕನಸಿನ ಮಾತು. ಫೋಟೊ ನೋಡುತ್ತಾ ಕೂತಿದ್ದಾಗ ಇನ್ನೊಂದು ಕಾಲ್ಚೀಲದೊಳಗೆ ಹೋಗಿತ್ತು, ಅದು ಬೇರೆ.

ಜೋಗದಲ್ಲಿ ಕೊನೆಗೂ ಸೋನಿಯ ಸರದಿ ಬಂತು. ಅರ್ಧ ಗಂಟೆ ಬರೀ ಮಂಜು. ಆಮೇಲೆ ಐದು ನಿಮಿಷ ಸರಿಯಿತು. ಉಳಿದೆರಡರ ಝೂಮ್ 100 ಎಂಎಂಗೆ ಮುಗಿದರೆ ಇದರದ್ದು 200ರ ತನಕ. ರಾಜಾ ಬೀಳುವ ತುದಿಯ ಬಂಡೆ, ಅಲ್ಲಿ ನೀರು ಅಂಚು ದಾಟುವ ಜಾಗ, ಅದಷ್ಟನ್ನೇ ಚೌಕಟ್ಟಿಗೆ ತಂದಿಟ್ಟಿತು.

ಬೆಂಗಳೂರಿಗೆ ಬಂದು ಎಣಿಸಿದೆ. ಸೋನಿಯಲ್ಲಿ 61 ಫೋಟೊ, ಕ್ಯಾನನ್‌ನಲ್ಲಿ 140, ಟಿಜಿ-6ನಲ್ಲಿ 412. ಮಳೆಗಾಲದಲ್ಲೂ ಗಾಡಿ ತೆಗೆಯುವವರಾದರೆ ಟಿಜಿ-6 ತಗೊಳ್ಳಿ. ಈಗ ಯುಎಸ್‌ಬಿ-ಸಿ ಇರುವ ಟಿಜಿ-7 ಕೂಡ ಇದೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಮಾತ್ರ ಓಡಾಡುವವರು, ದೇವಸ್ಥಾನ ಜಾಸ್ತಿ ನೋಡುವವರು ಹಳೆಯ ಕ್ಯಾನನ್ ಹುಡುಕಿ. ಅದರ ಲೆನ್ಸ್ ಹೊರಗೆ ಚಾಚುತ್ತದೆ, ಹಾಗಾಗಿ ಧೂಳಿಗೆ ಜಿಪ್ ಇರುವ ಪೌಚ್ ಬೇಕೇ ಬೇಕು. ಸೋನಿ ಒಳ್ಳೆಯ ಕ್ಯಾಮೆರಾ, ಆದರೆ ಅಷ್ಟು ದುಡ್ಡಿನ ವಸ್ತು ಟ್ಯಾಂಕ್ ಮೇಲಿದ್ದರೆ ನನಗೆ ರಸ್ತೆಯ ಗುಂಡಿಗಳೇ ಕಾಣುತ್ತವೆ, ದಾರಿ ಕಾಣಲ್ಲ.

ಕ್ಯಾಮೆರಾ ವಾಪಸ್ ಕೊಡುವಾಗ ಭಾವನಿಗೆ ಜೋಗದ ಫೋಟೊ ತೋರಿಸಿದೆ. ಅದೀಗ ಅವರ ಹಾಲ್‌ನಲ್ಲಿ ಫ್ರೇಮ್ ಆಗಿ ಕೂತಿದೆ. ಇಂಬಳದ ಫೋಟೊ ಮಾತ್ರ ಯಾರೂ ಕೇಳಲಿಲ್ಲ.