ಬಾಡಿಗೆಗೆ ತಂದ ಎದೆಹಾಲಿನ ಪಂಪ್: 5ಕ್ಕೆ 3 ಅಂಕ

ಇಂಥದ್ದೊಂದು ಪಂಪ್ ಬೇಕಾಗುತ್ತದೆ ಅಂತ ಅಂದುಕೊಂಡೇ ಇರಲಿಲ್ಲ. 31ನೇ ವಾರದಲ್ಲಿ ಕಾಲು, ಮುಖ ಊದಿಕೊಂಡವು. ಗರ್ಭಿಣಿಗೆ ಇದೆಲ್ಲ ಮಾಮೂಲಿ ಅಂತ ಸುಮ್ನಿದ್ದೆ. ತಲೆನೋವು ಬಿಡದೆ ಕಣ್ಣು ಮಂಜಾದಾಗ ಆಸ್ಪತ್ರೆಗೆ ಹೋದರೆ ಬಿಪಿ 170/110, ಮೂತ್ರದಲ್ಲಿ ಪ್ರೋಟೀನ್. ಪ್ರಿಎಕ್ಲಾಂಪ್ಸಿಯಾ ಅಂದರು, ಅಂದರೆ ಗರ್ಭಿಣಿಯರಿಗೆ ಬಿಪಿ ಏರಿ ಅಪಾಯ ತರುವ ಕಾಯಿಲೆ. ಫಿಟ್ಸ್ ಬರದಿರಲಿ ಅಂತ ಮೆಗ್ನೀಷಿಯಂ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ 24 ಗಂಟೆ ಅಂತರದಲ್ಲಿ 2 ಸ್ಟೀರಾಯ್ಡ್ ಇಂಜೆಕ್ಷನ್. ಮೂರನೇ ದಿನ ಸಿಸೇರಿಯನ್. ಮಗಳು 1,340 ಗ್ರಾಂ. ಅವಳು ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ), ನಾನು ವಾರ್ಡಿಗೆ.

ಅಷ್ಟು ಬೇಗ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಬರುವುದಿಲ್ಲ. ಹಾಲು ಹಿಂಡಿ ಕೊಟ್ಟರೆ ಟ್ಯೂಬಿನಲ್ಲಿ ಹಾಕುತ್ತಾರೆ. ನಮ್ಮ ಯಜಮಾನರು ಆಸ್ಪತ್ರೆ ಎದುರಿನ ಅಂಗಡಿಯಿಂದ ಕರೆಂಟ್ ಪಂಪ್ ತಂದರು. ಬಾಡಿಗೆ ದಿನಕ್ಕೆ 80 ರೂಪಾಯಿ, ಡೆಪಾಸಿಟ್ ಬೇರೆ.

ಮೊದಲೆರಡು ದಿನ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಗಿಣ್ಣುಹಾಲು ಬರುವುದೇ ಹನಿ ಹನಿ, ಅದೂ ಅಂಟಂಟು. ಬಂದಷ್ಟೂ ಎದೆಗೆ ಹಿಡಿಯುವ ಪಂಪಿನ ಕಪ್‌ಗೇ ಮೆತ್ತಿಕೊಂಡಿತು. ರಾತ್ರಿ ಪಾಳಿಯ ಸಿಸ್ಟರ್ ನೋಡಿ, "ಅದನ್ನ ಪಕ್ಕಕ್ಕಿಡಮ್ಮ" ಅಂದು ಕೈಯಲ್ಲೇ ಹಿಂಡುವುದನ್ನು ಕಲಿಸಿದರು. ಹೆಬ್ಬೆರಳು, ತೋರುಬೆರಳು ತೊಟ್ಟಿನಿಂದ ಸ್ವಲ್ಪ ಹಿಂದಕ್ಕೆ ಇರಬೇಕು. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಹಿಂಡಬೇಕು. ಚರ್ಮ ಉಜ್ಜಬಾರದು. ಸಿರಿಂಜಿನಲ್ಲಿ ಅರ್ಧ ಎಂಎಲ್ ಬಂತು, ಅರಿಶಿನದ ಬಣ್ಣ. ಅದನ್ನು ಹಿಡಿದುಕೊಂಡು ಹೋದ ನಮ್ಮ ಯಜಮಾನರು ಯಾರ ಕೈಯೂ ತಾಗದ ಹಾಗೆ ಲಿಫ್ಟಿನ ಮೂಲೆಗೆ ಮುಖ ಮಾಡಿ ನಿಂತಿದ್ದರಂತೆ.

ಹೆರಿಗೆಯಾದ ನಾಲ್ಕನೇ ದಿನ ಹಾಲು ಇಳಿಯಿತು, ಪಂಪೂ ಕೆಲಸಕ್ಕೆ ಬಂತು. 3 ಗಂಟೆಗೊಮ್ಮೆ, ರಾತ್ರಿಯೂ ಬಿಡುವಿಲ್ಲ. ಎರಡೂ ಕಡೆ ಒಟ್ಟಿಗೆ ಹಾಕಿದರೆ 20 ನಿಮಿಷದಲ್ಲಿ ಮುಗಿಯುತ್ತಿತ್ತು. ಸದ್ದು ಮಾತ್ರ ಜಾಸ್ತಿ, ನಮ್ಮತ್ತೆ ಅದನ್ನ "ಮಿಕ್ಸಿ" ಅಂತಲೇ ಕರೆಯುತ್ತಿದ್ದರು. ಅಂಗಡಿಯವರು ಕೊಟ್ಟ ಕಪ್ ದೊಡ್ಡದಾಗಿ ತೊಟ್ಟು ಒಡೆದು ಉರಿ. ಕೇಳಿದರೆ, ಎಲ್ಲರಿಗೂ ಅದೇ ಸೈಜು ಅಂದರು. ಸುಳ್ಳು. 21 ಎಂಎಂ ಕಪ್ ಬೇರೆ ತರಿಸಿದ ಮೇಲೆ ಹಾಯಾಯಿತು. ಬಾಡಿಗೆಗೆ ತರುವವರು ಕಪ್, ಟ್ಯೂಬು, ಬಾಟಲಿ ಹೊಸದನ್ನೇ ಕೇಳಿ. ಹಾಲು ಮೋಟರಿನೊಳಗೆ ನುಗ್ಗದಂತೆ ಮಧ್ಯೆ ತಡೆ ಇದೆಯಾ ಅಂತಲೂ ನೋಡಿ.

38ನೇ ದಿನ ಮಗಳು 1,850 ಗ್ರಾಂ ಆಗಿ ಮನೆಗೆ ಬಂದಳು. ಪಂಪ್ ವಾಪಸ್ ಕೊಟ್ಟಾಗ ವೈರ್ ಹಾಳಾಗಿದೆ ಅಂತ ಡೆಪಾಸಿಟ್‌ನಲ್ಲಿ 200 ರೂಪಾಯಿ ಹಿಡಿದುಕೊಂಡರು. ತಂದ ದಿನವೇ ಆ ವೈರಿಗೆ ಕಪ್ಪು ಟೇಪ್ ಸುತ್ತಿತ್ತು!