ಊಟಕ್ಕೆ ಎದ್ದರೆ ಶುರುವಾಗುವ ಸದ್ದು: ಹಾರ್ಡ್ ಡಿಸ್ಕಿನ ಕಳ್ಳನನ್ನು ಹಿಡಿಯಲು ಯಾವ ಸಾಧನ?

ನನ್ನ ಮೇಜಿನ ಕೆಳಗಿರುವ ಕಂಪ್ಯೂಟರಿಗೆ ಎಂಟು ವರ್ಷ. ವಿಂಡೋಸ್ 10, ಒಂದು ಟೆರಾಬೈಟಿನ ತಿರುಗುವ ಡಿಸ್ಕ್. ಪುಸ್ತಕಗಳ ಪುಟವಿನ್ಯಾಸ, ಕರಡು ತಿದ್ದುವ ಕೆಲಸ ಎಲ್ಲವೂ ಇದರಲ್ಲೇ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಹತ್ತಿಕೊಂಡಿತು. ಮಧ್ಯಾಹ್ನ ನಾನು ಊಟಕ್ಕೆ ಎದ್ದು ಹೋದ ಕೆಲವೇ ನಿಮಿಷಗಳಲ್ಲಿ ಒಳಗಿನಿಂದ ಕರಕರ ಸದ್ದು, ಇಲಿ ತೆಂಗಿನ ಚಿಪ್ಪು ಕೆರೆದ ಹಾಗೆ. ಡಿಸ್ಕಿನ ಕೆಂಪು ದೀಪ ಬಿಡದೆ ಉರಿಯುತ್ತದೆ. ಕೈ ತೊಳೆದು ಬಂದು ಮೌಸ್ ಮುಟ್ಟಿದರೆ ಸಾಕು, ಹಾಲಿಗೆ ಬಾಯಿ ಹಾಕಿದ್ದ ಬೆಕ್ಕು ಹೆಜ್ಜೆಸಪ್ಪಳ ಕೇಳಿ ಜಾಗ ಖಾಲಿ ಮಾಡಿದಂತೆ ಎಲ್ಲವೂ ಸ್ತಬ್ಧ.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ವೈರಸ್ ಇರಬೇಕು ಎಂದರು ಒಬ್ಬರು. ‘ಸಿಸ್‌ಮೇನ್’ ಸೇವೆಯನ್ನು ನಿಲ್ಲಿಸಿಬಿಡಿ ಎಂದರು ಇನ್ನೊಬ್ಬರು. ಹೆಚ್ಚು ಬಳಸುವ ತಂತ್ರಾಂಶಗಳನ್ನು ಮೊದಲೇ ಮೆಮೊರಿಗೆ ತಂದಿಡುವ ಸೇವೆ ಅದು, ಹಿಂದೆ ಸೂಪರ್‌ಫೆಚ್ ಎನ್ನುತ್ತಿದ್ದದ್ದು ಅದನ್ನೇ. ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ, ಬೆಳಗ್ಗೆ ಪುಟವಿನ್ಯಾಸದ ತಂತ್ರಾಂಶ ತೆರೆಯುವುದು ಮಾತ್ರ ನಿಧಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೇವೆಯನ್ನು ಮತ್ತೆ ಚಾಲೂ ಮಾಡಿ, ಊಹೆಗಳಿಗೆ ಕೈಮುಗಿದು, ಎರಡು ವಾರ ಒಂದೊಂದೇ ಸಾಧನವನ್ನು ಇದೇ ಸದ್ದಿನ ಮೇಲೆ ಹರಿಯಬಿಟ್ಟೆ.

ಮೊದಲಿಗೆ ಟಾಸ್ಕ್ ಮ್ಯಾನೇಜರ್, ಎಲ್ಲರೂ ಮೊದಲು ತೆರೆಯುವುದು ಅದನ್ನೇ. ಡಿಸ್ಕ್ ಎಂಬ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಓದುವ, ಬರೆಯುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಇಲ್ಲಿ ಬಹಳ ಜನ ಒಂದು ವಿಷಯದಲ್ಲಿ ಮೋಸಹೋಗುತ್ತಾರೆ, ನಾನೂ ಹೋಗಿದ್ದೆ. ಡಿಸ್ಕ್ 100% ಎಂದು ತೋರಿಸುತ್ತದೆ, ಆದರೆ ವೇಗ ನೋಡಿದರೆ ಸೆಕೆಂಡಿಗೆ ಒಂದು ಮೆಗಾಬೈಟೂ ಇಲ್ಲ. ಲೆಕ್ಕ ತಪ್ಪಿದೆಯೇ? ಇಲ್ಲ. ಆ ಶೇಕಡಾ ಅಂಕಿ ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎಂಬುದನ್ನು ಹೇಳುತ್ತದೆ, ಎಷ್ಟು ಸಾಮಾನು ಹೊತ್ತಿತು ಎಂಬುದನ್ನಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಓದಿ ಬರೆಯುವ ಮುಳ್ಳಿನ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮುಳ್ಳು ಅಲ್ಲಿಗೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಚಿಕ್ಕಚಿಕ್ಕ ತುಣುಕುಗಳು ಡಿಸ್ಕಿನ ತುಂಬ ಚದುರಿದ್ದರೆ ಸೆಕೆಂಡಿಗೆ ಎಪ್ಪತ್ತು ಎಂಬತ್ತು ಸಲ ಓಡಾಡುವುದರಲ್ಲೇ ಅದರ ಉಸಿರು ಮುಗಿಯುತ್ತದೆ. ನಾಲ್ಕು ಕಿಲೋಬೈಟಿನ ತುಣುಕಾದರೆ ಒಟ್ಟು 300 ಕಿಲೋಬೈಟ್ ಆಸುಪಾಸು. ಆ ಕರಕರ ಸದ್ದು ಬೇರೇನಲ್ಲ, ಮುಳ್ಳಿನ ಈ ಓಡಾಟದ್ದೇ.

ಆದರೆ ನನ್ನ ಕಳ್ಳ ಮೌಸ್ ಮುಟ್ಟಿದೊಡನೆ ಓಡುವವನು. ಟಾಸ್ಕ್ ಮ್ಯಾನೇಜರ್ ತೆರೆಯುವಷ್ಟರಲ್ಲಿ ಪಟ್ಟಿಯೆಲ್ಲ ಸೊನ್ನೆ. ಇದಕ್ಕೆ ಒಂದು ಉಪಾಯ ಹೊಳೆಯಿತು. ‘ಡೀಟೇಲ್ಸ್’ ಪುಟದಲ್ಲಿ ಕಾಲಮ್ಮುಗಳನ್ನು ಆರಿಸುವ ಕಡೆ, ಪ್ರತಿ ಪ್ರೋಗ್ರಾಂ ಶುರುವಾದಂದಿನಿಂದ ಒಟ್ಟು ಎಷ್ಟು ಬೈಟ್ ಓದಿತು, ಎಷ್ಟು ಬರೆಯಿತು ಎಂಬ ಎರಡು ಕಾಲಮ್ಮುಗಳನ್ನು ಸೇರಿಸಬಹುದು. ಊಟಕ್ಕೆ ಏಳುವ ಮುಂಚೆ ಮೊಬೈಲಿನಲ್ಲಿ ಆ ಪಟ್ಟಿಯ ಫೋಟೋ ತೆಗೆದೆ, ಬಂದ ಮೇಲೆ ಇನ್ನೊಂದು ಫೋಟೋ. ವಿದ್ಯುತ್ ಮೀಟರ್ ಓದಿದ ಹಾಗೆ ಹಿಂದಿನದನ್ನು ಕಳೆದರೆ ಸರಿ. ಸರ್ಚ್‌ಇಂಡೆಕ್ಸರ್ ಎಂಬ ಹೆಸರಿನ ಮುಂದೆ ಅಂಕಿ ಭರ್ಜರಿಯಾಗಿ ಏರಿತ್ತು. ಹುಡುಕಿದ್ದು ಬೇಗ ಸಿಗಲೆಂದು ಕಡತಗಳನ್ನೆಲ್ಲ ಓದಿ ಸೂಚಿ ಮಾಡಿಡುವ, ವಿಂಡೋಸ್ ಸರ್ಚ್ ಸೇವೆಯ ಪ್ರೋಗ್ರಾಂ ಅದು. ಈ ಉಪಾಯಕ್ಕೂ ಎರಡು ಕುಂದು ಇವೆ. ಈ ಲೆಕ್ಕದಲ್ಲಿ ನೆಟ್‌ವರ್ಕಿನ ಓದು ಬರಹವೂ, ಡಿಸ್ಕಿನವರೆಗೆ ಹೋಗದೆ ಮೆಮೊರಿಯಲ್ಲೇ ಮುಗಿದದ್ದೂ ಸೇರಿರುತ್ತದೆ. ಇನ್ನೊಂದು, ನಡುವೆ ಹುಟ್ಟಿ ಸತ್ತ ಪ್ರೋಗ್ರಾಂ ತನ್ನ ಖಾತೆಯನ್ನೂ ಕಟ್ಟಿಕೊಂಡು ಹೋಗಿರುತ್ತದೆ.

ಇಷ್ಟಾದ ಮೇಲೆ ‘ಹಾಗಾದರೆ ವಿಂಡೋಸ್ ಸರ್ಚ್ ಸೇವೆಯನ್ನೇ ಬಂದ್ ಮಾಡಿ’ ಎನ್ನುವ ಸಲಹೆ ಸಿದ್ಧವಾಗಿಯೇ ಇತ್ತು. ನನಗೆ ಆ ಹುಡುಕಾಟ ಬೇಕು. ಯಾವ ಲೇಖಕರ ಯಾವ ಕರಡಿನಲ್ಲಿ ಯಾವ ಪದ ಇತ್ತೆಂದು ದಿನಕ್ಕೆ ಹತ್ತು ಸಲ ಹುಡುಕುತ್ತೇನೆ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಸೂಚಿ ಒಮ್ಮೆ ತಯಾರಾದ ಮೇಲೆ ಹೊಸದಾಗಿ ಬಂದ ಕಡತಗಳನ್ನಷ್ಟೇ ಓದಿದರೆ ಸಾಕು. ದಿನವೂ ಮುಕ್ಕಾಲು ಗಂಟೆ ಓದುವಂಥದ್ದು ಇಲ್ಲಿ ಏನಿದೆ?

ರಿಸೋರ್ಸ್ ಮಾನಿಟರ್ ತೆರೆದದ್ದು ಈ ಪ್ರಶ್ನೆ ಹೊತ್ತು. ಟಾಸ್ಕ್ ಮ್ಯಾನೇಜರ್ ಪ್ರೋಗ್ರಾಮಿನ ಹೆಸರು ಹೇಳಿ ಸುಮ್ಮನಾಗುತ್ತದೆ, ಇದು ಕಡತದ ಹೆಸರನ್ನೂ ಹೇಳುತ್ತದೆ. ಮೇಲಿನ ಪಟ್ಟಿಯಲ್ಲಿ ಪ್ರೋಗ್ರಾಂ ಗುರುತು ಮಾಡಿದರೆ ಕೆಳಗಿನ ಪಟ್ಟಿಯಲ್ಲಿ ಅದು ಮುಟ್ಟುತ್ತಿರುವ ಕಡತಗಳು, ಪ್ರತಿಯೊಂದಕ್ಕೂ ಎಷ್ಟು ಮಿಲಿಸೆಕೆಂಡು ಕಾಯಬೇಕಾಯಿತು ಎಂಬ ಲೆಕ್ಕ, ಆ ಕೆಲಸದ ಆದ್ಯತೆ, ಎಲ್ಲವೂ ಕಾಣುತ್ತವೆ. ನನ್ನ ಮಟ್ಟಿಗೆ ವಿಂಡೋಸಿನ ಜೊತೆಗೇ ಬರುವ ಸಾಧನಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ರೆಸ್‌ಮಾನ್’ (resmon) ಎಂದು ಬೆರಳಚ್ಚಿಸಿದರೆ ತೆರೆದುಕೊಳ್ಳುವ ಇದನ್ನು ಇಷ್ಟು ಜನ ತೆರೆಯದೇ ಬಿಟ್ಟಿರುವುದೇ ಆಶ್ಚರ್ಯ.

ಕಳ್ಳ ಓಡಿಹೋಗುವ ತೊಂದರೆ ಇಲ್ಲೂ ಇತ್ತು. ಹಾಗಾಗಿ ಕಿಟಕಿಯನ್ನು ತೆರೆ ತುಂಬುವಷ್ಟು ದೊಡ್ಡದು ಮಾಡಿ, ಕಡತದ ಹೆಸರಿನ ಕಾಲಮ್ಮನ್ನು ಮೊದಲೇ ಎಳೆದು ಅಗಲಿಸಿ, ತೆರೆ ಆರದಂತೆ ವ್ಯವಸ್ಥೆ ಮಾಡಿ, ಅನ್ನ ಸಾರಿನ ತಟ್ಟೆಯನ್ನು ಅಲ್ಲಿಗೇ ತಂದುಕೊಂಡು ಕುಳಿತೆ. ಮೌಸ್ ಮುಟ್ಟಲಿಲ್ಲ. ಮೂರನೇ ತುತ್ತಿಗೆ ಸದ್ದು ಶುರುವಾಯಿತು. ಸರ್ಚ್‌ಇಂಡೆಕ್ಸರ್ ತನ್ನ ‘ವಿಂಡೋಸ್ ಡಾಟ್ ಇಡಿಬಿ’ ಎಂಬ ಸೂಚಿಕೋಶಕ್ಕೆ ಬರೆಯುತ್ತಿದೆ, ಆದ್ಯತೆಯ ಕಾಲಮ್ಮಿನಲ್ಲಿ ‘ಹಿನ್ನೆಲೆ’ ಎಂಬರ್ಥದ ಪದ, ನಡುನಡುವೆ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳ ಹೆಸರು ಬಂದು ಬಂದು ಮಾಯವಾಗುತ್ತಿವೆ. ಮಾಯವಾಗುವುದೇ ಇದರ ದೌರ್ಬಲ್ಯ. ಇದು ಕೊನೆಯ ಒಂದು ನಿಮಿಷದ ಸರಾಸರಿಯನ್ನಷ್ಟೇ ಇಟ್ಟುಕೊಳ್ಳುತ್ತದೆ, ದಿನಚರಿ ಬರೆಯುವುದಿಲ್ಲ. ಯಾವ ಕಡತವೆಂದು ಓದುವಷ್ಟರಲ್ಲಿ ಸಾಲು ಜಾರಿರುತ್ತದೆ, ತಡೆದು ನಿಲ್ಲಿಸೋಣವೆಂದರೆ ಮೌಸ್ ಮುಟ್ಟಬೇಕು.

ಪ್ರೊಸೆಸ್ ಎಕ್ಸ್‌ಪ್ಲೋರರ್ ಅನ್ನೂ ನೋಡಿದೆ. ಒಂದು ಸೇವಾಪ್ರೋಗ್ರಾಮಿನ ಒಳಗೆ ಯಾವ ಯಾವ ಸೇವೆಗಳು ಅವಿತಿವೆ ಎಂದು ತಿಳಿಯಲು ಬಹಳ ಚೆಂದ. ಡಿಸ್ಕಿನ ವಿಷಯದಲ್ಲಿ ನನಗೆ ಹೊಸದೇನನ್ನೂ ಹೇಳಲಿಲ್ಲ.

ಅದರದೇ ಮನೆಯ ಇನ್ನೊಂದು ಸಾಧನ ಪ್ರೊಸೆಸ್ ಮಾನಿಟರ್. ಯಾವ ಪ್ರೋಗ್ರಾಂ ಯಾವಾಗ ಯಾವ ಕಡತ ಮುಟ್ಟಿತೆಂದು ಸಾಲುಸಾಲಾಗಿ ಬರೆದಿಡುವಂಥದ್ದು. ಸಿಸ್‌ಇಂಟರ್ನಲ್ಸ್ ಬಳಗದ ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ತಮ್ಮ ಹಳೆಯ ಫೈಲ್‌ಮಾನ್, ರೆಜ್‌ಮಾನ್‌ಗಳನ್ನು ಒಂದುಗೂಡಿಸಿ 2006ರಲ್ಲಿ ಕೊಟ್ಟದ್ದು. ಅದೇ ವರ್ಷ ಅವರ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. ಉಚಿತ, ಅನುಸ್ಥಾಪನೆಯೂ ಬೇಡ. ಆದರೆ ತೆರೆದ ಕ್ಷಣದಿಂದ ಅದು ಕಕ್ಕುವ ಸಾಲುಗಳನ್ನು ಕಂಡರೆ ಗಾಬರಿಯಾಗುತ್ತದೆ. ನನ್ನ ಯಂತ್ರದಲ್ಲಿ ಎರಡು ನಿಮಿಷಕ್ಕೆ ಲಕ್ಷ ದಾಟಿತು. ಮೊದಲ ದಿನ ಹಾಗೆಯೇ ಬಿಟ್ಟು ಊಟಕ್ಕೆ ಹೋದವನು ಬಂದು ನೋಡಿದರೆ ಮೆಮೊರಿ ತುಂಬಿ, ಯಂತ್ರ ಏದುಸಿರು ಬಿಡುತ್ತಾ, ಡಿಸ್ಕ್ ಎಂದಿಗಿಂತ ಜೋರಾಗಿ ಕರಕರ ಎನ್ನುತ್ತಿತ್ತು. ಕಳ್ಳನನ್ನು ಹಿಡಿಯಲು ತಂದ ನಾಯಿಯೇ ಅಡುಗೆಮನೆ ಹೊಕ್ಕ ಹಾಗಾಯಿತು.

ಎರಡನೇ ದಿನ ಬುದ್ಧಿ ಬಂತು. ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗುಗಳ ಕೋಶ), ನೆಟ್‌ವರ್ಕ್, ಪ್ರೊಸೆಸ್ ಗುಂಡಿಗಳನ್ನು ಆಫ್ ಮಾಡಿ ಕಡತಗಳದ್ದನ್ನು ಮಾತ್ರ ಉಳಿಸಿದೆ. ಓದುವುದು, ಬರೆಯುವುದು ಎರಡನ್ನೇ ಸೋಸುವಂತೆ ಮಾಡಿ, ಸೋಸಿ ಬಿಟ್ಟದ್ದನ್ನು ಎಸೆದುಬಿಡುವ ಆಯ್ಕೆಯನ್ನು ಫಿಲ್ಟರ್ ಮೆನುವಿನಲ್ಲಿ ಒತ್ತಿದೆ. ದಾಖಲೆಯನ್ನು ಮೆಮೊರಿಗೆ ಬದಲಾಗಿ ಪೆನ್ ಡ್ರೈವಿನ ಕಡತವೊಂದಕ್ಕೆ ತಿರುಗಿಸಿದೆ, ಅದರ ಬರಹವೇ ಇದೇ ಡಿಸ್ಕಿಗೆ ಹೊರೆಯಾಗದಿರಲಿ ಎಂದು. ಇನ್ನೊಂದು ಸೂಕ್ಷ್ಮ ತಿಳಿಯದೆ ಇದನ್ನು ನಂಬಬೇಡಿ: ಪೂರ್ವನಿಯೋಜಿತ ಸೋಸುವಿಕೆಯಲ್ಲಿ ‘ಸಿಸ್ಟಮ್’ ಪ್ರೊಸೆಸ್ ಮಾಡುವ ಕೆಲಸವೂ, ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್‌ಫೈಲಿಗೆ ಆಗುವ ಬರಹವೂ ಮರೆಯಾಗಿರುತ್ತವೆ. ಮೆಮೊರಿ ಕೊರತೆಯಿಂದ ಡಿಸ್ಕ್ ಒದ್ದಾಡುತ್ತಿದ್ದರೆ ಇಲ್ಲಿ ಏನೂ ಕಾಣದೆ ನೀವು ಗೋಡೆ ನೋಡುತ್ತೀರಿ. ಸುಧಾರಿತ ಔಟ್‌ಪುಟ್ ಆಯ್ಕೆ ಹಾಕಿದರೆ ಅವು ಹೊರಬರುತ್ತವೆ. ಹಾಗೆಯೇ ಕಾಣುವ ಓದುಗಳೆಲ್ಲ ಡಿಸ್ಕಿಗೆ ತಲುಪಿದವೆಂದು ತಿಳಿಯಬಾರದು. ವಿವರದ ಕಾಲಮ್ಮಿನಲ್ಲಿ ‘ನಾನ್‌ಕ್ಯಾಶ್ಡ್’ ಎಂದಿದ್ದರೆ ಮಾತ್ರ ಮುಳ್ಳು ಓಡಿದೆ ಎಂದರ್ಥ.

ಆ ದಿನ ಟೂಲ್ಸ್ ಮೆನುವಿನ ಕಡತ ಸಾರಾಂಶ ತೆರೆದು ಫೋಲ್ಡರುಗಳ ಪ್ರಕಾರ ಜೋಡಿಸಿದಾಗ ಎಲ್ಲ ಬಯಲಾಯಿತು. ಹೆಚ್ಚು ಓದಿಸಿಕೊಂಡದ್ದು ಡಾಕ್ಯುಮೆಂಟ್ಸ್ ಒಳಗಿನ, ಅಂದಿನ ತಾರೀಕನ್ನೇ ಹೆಸರಾಗಿ ಹೊತ್ತ ಒಂದು ಫೋಲ್ಡರ್. ಅದನ್ನು ನಾನು ಮಾಡಿದ್ದಲ್ಲ. ದಾಖಲೆಯಲ್ಲಿ ಹಿಂದಕ್ಕೆ ಸರಿದರೆ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ನಾನೇ ಜೂನ್ ತಿಂಗಳಲ್ಲಿ ಹಾಕಿಕೊಂಡಿದ್ದ ಬ್ಯಾಕಪ್ ತಂತ್ರಾಂಶವೊಂದು ಆ ಫೋಲ್ಡರಿಗೆ ಕಡತಗಳನ್ನು ಸುರಿಯುತ್ತಿತ್ತು. ಬದಲಾದದ್ದನ್ನಷ್ಟೇ ಅಲ್ಲ, ಎಲ್ಲವನ್ನೂ ಹೊಸದಾಗಿ. ಅದರ ಸದ್ದು ನಾನು ಕೆಲಸದಲ್ಲಿರುವಾಗ ನನ್ನದೇ ಕೆಲಸದ ಸದ್ದಿನೊಳಗೆ ಸೇರಿಹೋಗಿತ್ತು. ಇಂಡೆಕ್ಸರಿಗೆ ಅವೆಲ್ಲ ಹೊಚ್ಚಹೊಸ ಕಡತಗಳು, ಪಾಪ, ನಾನು ಎದ್ದು ಹೋಗುವುದನ್ನೇ ಕಾದು ಮೊದಲ ಪುಟದಿಂದ ಓದಲು ಕೂರುತ್ತಿತ್ತು. ಕಂಟ್ರೋಲ್ ಪ್ಯಾನೆಲ್ಲಿನ ಇಂಡೆಕ್ಸಿಂಗ್ ಆಯ್ಕೆಗಳನ್ನು ತೆರೆದರೆ, ಬಳಕೆದಾರರ ಚಟುವಟಿಕೆಯಿಂದಾಗಿ ವೇಗ ತಗ್ಗಿಸಲಾಗಿದೆ ಎಂಬ ಸಾಲು ಅಲ್ಲೇ ಇತ್ತು. ಮೌಸ್ ಮುಟ್ಟಿದರೆ ಸದ್ದು ನಿಲ್ಲುತ್ತಿದ್ದುದಕ್ಕೆ ಉತ್ತರ ಇಷ್ಟು ದಿನ ಅಲ್ಲಿ ಕುಳಿತಿತ್ತು.

ಸದ್ದು ಮಾಡಿದವನೊಬ್ಬ, ಸದ್ದಿಗೆ ಕಾರಣನಾದವನು ಇನ್ನೊಬ್ಬ. ಟಾಸ್ಕ್ ಮ್ಯಾನೇಜರಿಗೂ ರಿಸೋರ್ಸ್ ಮಾನಿಟರಿಗೂ ಮೊದಲನೆಯವನಷ್ಟೇ ಸಿಕ್ಕ. ಪ್ರೊಸೆಸ್ ಮಾನಿಟರ್ ಗೆದ್ದದ್ದು ಅದಕ್ಕೆ ನೆನಪಿನ ಶಕ್ತಿ ಇದ್ದುದರಿಂದ. ಹಾಗೆಂದು ಎಲ್ಲದಕ್ಕೂ ಮೊದಲು ಅದನ್ನೇ ತೆರೆಯಿರಿ ಎನ್ನಲಾರೆ. ನೀವು ಎದುರಿಗೆ ಕುಳಿತಿರುವಾಗಲೇ ಡಿಸ್ಕ್ ಓಡುತ್ತಿದ್ದರೆ ರಿಸೋರ್ಸ್ ಮಾನಿಟರಿನ ಎರಡು ನಿಮಿಷ ಸಾಕು.

ವಿಂಡೋಸ್ ಪರ್ಫಾರ್ಮೆನ್ಸ್ ರೆಕಾರ್ಡರನ್ನೂ ಒಂದು ಮಧ್ಯಾಹ್ನ ಓಡಿಸಿದೆ. ದಾಖಲಿಸುವ ಭಾಗ ವಿಂಡೋಸ್ 10ರಲ್ಲೇ ಇದೆ, ಓದಿ ತೋರಿಸುವ ಅನಲೈಸರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಡಿಸ್ಕಿನ ಯಾವ ಮೂಲೆಯಿಂದ ಯಾವ ಮೂಲೆಗೆ ಓಟ ನಡೆಯಿತು ಎಂಬುದನ್ನು ಚುಕ್ಕೆಗಳಲ್ಲಿ ಬಿಡಿಸುತ್ತದೆ, ಅದೊಂದು ರಂಗೋಲಿಯೇ. ಮೆಮೊರಿಯಲ್ಲಿ ಮುಗಿದ ಓದು ಯಾವುದು, ನಿಜವಾಗಿ ಡಿಸ್ಕಿಗೆ ಹೋದದ್ದು ಯಾವುದು ಎಂಬ ಗೊಂದಲವೂ ಇಲ್ಲಿಲ್ಲ. ಚಾಲಕ ತಂತ್ರಾಂಶ (ಡ್ರೈವರ್) ಬರೆಯುವವರಿಗೆ ಇದು ವರ. ನನ್ನಂಥವನಿಗೆ ಸೊಳ್ಳೆ ಹೊಡೆಯಲು ಕೊಡಲಿ.

ಬ್ಯಾಕಪ್ಪಿನ ಜಾಗವನ್ನು ಹೊರಗಿನ ಡಿಸ್ಕಿಗೆ ಬದಲಾಯಿಸಿದೆ. ಒಂದೇ ಡಿಸ್ಕಿನಲ್ಲಿ ಮೂಲವನ್ನೂ ನಕಲನ್ನೂ ಇಟ್ಟುಕೊಂಡಿದ್ದ ನನ್ನ ಜಾಣತನದ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಧ್ಯಾಹ್ನದ ಕರಕರ ಅಂದೇ ನಿಂತಿತು. ಆಗ ಅದರಡಿ ಇಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಕೇಳತೊಡಗಿತು: ಕೆಲವು ಸೆಕೆಂಡುಗಳಿಗೊಮ್ಮೆ ಒಂದು ಮೆಲುವಾದ ಟಕ್. ದೀಪ ಉರಿಯುವುದಿಲ್ಲ, ರಿಸೋರ್ಸ್ ಮಾನಿಟರಿನಲ್ಲಿ ಏನೂ ಇಲ್ಲ, ಪ್ರೊಸೆಸ್ ಮಾನಿಟರಿನಲ್ಲೂ ಇಲ್ಲ. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಡಿಸ್ಕನ್ನು ಮೌಂಟ್ ಮಾಡದೆ (ಅಂದರೆ ಬಳಕೆಗೆ ಜೋಡಿಸದೆ), ಯಾವ ಪ್ರೋಗ್ರಾಂ ಎಷ್ಟು ಓದಿ ಬರೆಯುತ್ತಿದೆ ಎಂದು ತೋರಿಸುವ ‘ಐಓಟಾಪ್’ ಓಡಿಸಿದೆ. ಓದು ಬರಹ ಸೊನ್ನೆ, ಆದರೂ ಟಕ್. ಕೊನೆಗೆ ಯಂತ್ರ ಶುರುವಾಗುವಾಗ ಬರುವ ಬಯಾಸ್ ಪರದೆಯಲ್ಲೇ ನಿಲ್ಲಿಸಿ ಕಿವಿಗೊಟ್ಟೆ. ಯಾವ ಕಾರ್ಯಾಚರಣಾ ವ್ಯವಸ್ಥೆಯೂ ಇನ್ನೂ ಎದ್ದಿರಲಿಲ್ಲ, ಟಕ್ ಮಾತ್ರ ಇತ್ತು.

ಹಾಗಾದರೆ ಅದು ಡಿಸ್ಕಿನದೇ ಒಳಕೆಲಸ. ಕೆಲವು ಡಿಸ್ಕುಗಳು ಬಿಡುವಿನಲ್ಲಿ ಮುಳ್ಳನ್ನು ತಾವಾಗಿಯೇ ಅಷ್ಟು ಸರಿಸಿಕೊಳ್ಳುತ್ತವೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ, ಕೆಟ್ಟದ್ದರಿಂದ ಬದಲಿಸಿದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳ) ಸಂಖ್ಯೆಯನ್ನೂ, ಓದಲಾಗದೆ ಕಾಯುತ್ತಿರುವ ಸೆಕ್ಟರುಗಳ ಸಂಖ್ಯೆಯನ್ನೂ ನೋಡಿದೆ. ಎರಡೂ ಸೊನ್ನೆ. ತಿಂಗಳಿಗೊಮ್ಮೆ ಆ ಎರಡು ಅಂಕಿಗಳನ್ನು ಕ್ಯಾಲೆಂಡರಿನ ಹಾಳೆಯ ಮೂಲೆಯಲ್ಲಿ ಬರೆದಿಡುತ್ತಿದ್ದೇನೆ.