ಶಿರಸಿಯಿಂದ ತಂದ ಹಳೇ ಬ್ಯಾಂಡ್ ಸಾ
ಶಿರಸಿಯ ಹಳೇ ಬಡಗಿ ಶೆಡ್ಡೊಂದರಿಂದ 14 ಇಂಚು ಚಕ್ರದ ಬ್ಯಾಂಡ್ ಸಾ ತಂದು ಮೂರು ತಿಂಗಳಾಯ್ತು. ಚಕ್ರಗಳಿಗೆ ಸುತ್ತಿದ ಪಟ್ಟಿಯಂಥ ಬ್ಲೇಡ್ ತಿರುಗುತ್ತ ಮರ ಕೊಯ್ಯುವ ಯಂತ್ರ ಇದು. ಮೈಯೆಲ್ಲ ಬೀಡು ಕಬ್ಬಿಣ. ದೇವಿಮನೆ ಘಟ್ಟ ಇಳಿಸಿ ಕುಮಟಾದ ಮನೆಗೆ ತರುವಷ್ಟರಲ್ಲಿ ಸಾಕುಸಾಕಾಯ್ತು.

ಮೋಟರ್ ಚೆನ್ನಾಗಿದೆ. ತೊಂದರೆ ಇದ್ದಿದ್ದು ಚಕ್ರದ ಸುತ್ತಲಿನ ರಬ್ಬರ್ ಪಟ್ಟಿಯಲ್ಲಿ. ಉಗುರು ಒತ್ತಿದರೆ ಚೂರುಚೂರಾಗಿ ಉದುರುತ್ತಿತ್ತು. ಮಾರಿದವರು ‘ಈಚೆಗೆ ಹಾಕಿದ್ದು’ ಅಂದಿದ್ದರು, ಬೇಜಾರಾಯ್ತು. ರಬ್ಬರಿನ ನಡುವಿನ ಉಬ್ಬು ಸವೆದರೆ ಬ್ಲೇಡ್ ಚಕ್ರದ ಮೇಲೆ ನಿಲ್ಲೋದಿಲ್ಲ, ಜಾರುತ್ತದೆ. ಕೊಳ್ಳುವ ಮೊದಲು ಪ್ಲಗ್ ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ. ಬೇರಿಂಗ್ ಗರಗರ ಅಂದರೆ ಬದಲಾಯಿಸಬಹುದು. ಚಕ್ರ ಬಿರುಕು ಬಿಟ್ಟಿದ್ದರೆ ಬೇಡವೇ ಬೇಡ.

ಹೊಸ ರಬ್ಬರ್, ಹೊಸ ಬ್ಲೇಡ್ ಹಾಕಿ ಹಲಸಿನ ಹಲಗೆ ಕೊಯ್ದೆ. ಕೈಯೆಲ್ಲ ಹಳದಿ ಹುಡಿ. ಗೆರೆ ಬಿಟ್ಟು ಅರ್ಧ ನೂಲೂ ಆಚೆ ಹೋಗಲಿಲ್ಲ! ಇಲ್ಲಿ ಉಪ್ಪುಗಾಳಿ ಜಾಸ್ತಿ ಅಲ್ವಾ, ವಾರಕ್ಕೊಮ್ಮೆ ಟೇಬಲ್ಲಿಗೆ ಎಣ್ಣೆ ಒರೆಸುತ್ತೇನೆ.